‘ಹಿಂದೆ ಸರಿಯಿತು’ ಎನ್ನಬಹುದೇ? ಫುಟ್‌ಬಾಲ್ ಪಟ್ಟಿಗೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ. ಮಂಗಳೂರಿನಿಂದ ಬರೆಯುತ್ತಿದ್ದೇನೆ.

ನಮ್ಮ ಬಡಾವಣೆಯ ಹತ್ತು ಹನ್ನೆರಡು ಹುಡುಗಿಯರು ಸಂಜೆ ಫುಟ್‌ಬಾಲ್ ಆಡುತ್ತಾರೆ. ನೆಹರೂ ಮೈದಾನದಲ್ಲಿ ಪಂದ್ಯ ಇದ್ದರೆ ನೋಡಲು ಹೋಗುತ್ತಾರೆ. ಅವರಿಗಾಗಿ ಇಲ್ಲಿನ ಸಣ್ಣ ವಾಚನಾಲಯದ ಗೋಡೆಯ ಮೇಲೆ ಒಂದು ಪಟ್ಟಿ ಬರೆಯುತ್ತಿದ್ದೇವೆ. ಭಾರತದ ಮಹಿಳಾ ತಂಡಕ್ಕೆ ಯಾವ ವರ್ಷ, ಯಾವ ಟೂರ್ನಿಯಲ್ಲಿ ಎಷ್ಟನೇ ಸ್ಥಾನ ಸಿಕ್ಕಿತು ಅಂತ. ಪೂರ್ತಿ ಕನ್ನಡದಲ್ಲೇ ಇರಬೇಕು ಎಂದು ನನ್ನ ಆಸೆ.

ತಲೆಬರಹಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ‘ಅಂಕಪಟ್ಟಿ’ ಎಂದರೆ ಮಕ್ಕಳಿಗೆ ನೆನಪಾಗುವುದು ಎಸ್ಸೆಸ್ಸೆಲ್ಸಿ. ಅದೂ ಅಲ್ಲದೆ ಅಂಕಪಟ್ಟಿ ಒಂದು ಟೂರ್ನಿಯೊಳಗಿನ ಲೆಕ್ಕ, ಹಲವು ವರ್ಷಗಳದ್ದಲ್ಲ. ಒಬ್ಬರು ‘ನಿಲುವು’ ಎಂದರು. ಅದು ಅಭಿಪ್ರಾಯ ಆಗಿಬಿಡುತ್ತದೆ. ಕೊನೆಗೆ ‘ಎಷ್ಟನೇ ಸ್ಥಾನ?’ ಎಂದೇ ಬರೆದೆವು. ‘ಎಷ್ಟನೇ’ ಎಷ್ಟು ಚೆನ್ನಾದ ಮಾತು! ಒಂದೇ ಪದದಲ್ಲಿ ಪ್ರಶ್ನೆಯೂ ಇದೆ, ಸಾಲಿನಲ್ಲಿ ನಿಂತ ಜಾಗವೂ ಇದೆ.

ಮುಂದಿನ ಸಾಲುಗಳು ಸಲೀಸಾಗಿ ಬಂದವು. ಏಷ್ಯಾ ಮಟ್ಟದ ಟೂರ್ನಿಯಲ್ಲಿ 1979ರದ್ದರಲ್ಲಿ ಎರಡನೇ ಸ್ಥಾನ. ಅದು ನಡೆದದ್ದು ಕೋಯಿಕ್ಕೋಡ್‌ನಲ್ಲಿ, ನಮ್ಮೂರಿನಿಂದ ರೈಲು ಹತ್ತಿದರೆ ಅರ್ಧ ದಿನವೂ ಬೇಡ. 1981ರಲ್ಲಿ ಮೂರನೇ ಸ್ಥಾನ. 1983ರಲ್ಲಿ ಫೈನಲ್‌ನಲ್ಲಿ ಥಾಯ್ಲೆಂಡ್ ಎದುರು ಸೋತು ಮತ್ತೆ ಎರಡನೇ ಸ್ಥಾನ. ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯಲ್ಲಿ 2010, 2012, 2014, 2016, 2019 ಐದೂ ಸಲ ಚಾಂಪಿಯನ್. 2022 ಮತ್ತು 2024ರಲ್ಲಿ ಮಾತ್ರ ಕಪ್ ಬಾಂಗ್ಲಾದೇಶಕ್ಕೆ ಹೋಯಿತು. ‘ರನ್ನರ್ ಅಪ್’ ಬರೆಯಲೋ ‘ದ್ವಿತೀಯ’ ಬರೆಯಲೋ ಎಂದು ಜಾಸ್ತಿ ಯೋಚಿಸಲಿಲ್ಲ. ಎರಡನೇ ಸ್ಥಾನ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ಸಿಕ್ಕಿಹಾಕಿಕೊಂಡದ್ದು 2022ರ ಏಷ್ಯಾ ಕಪ್ ಸಾಲಿನಲ್ಲಿ. ಟೂರ್ನಿ ನಮ್ಮ ದೇಶದಲ್ಲೇ ಇತ್ತು. ಜನವರಿ 20ರಂದು ನವಿ ಮುಂಬಯಿಯಲ್ಲಿ ಇರಾನ್ ಜೊತೆ 0-0 ಡ್ರಾ ಆಯಿತು. 23ರಂದು ಚೈನೀಸ್ ತೈಪೆ ಎದುರು ಆಡಬೇಕಿತ್ತು. ಅಷ್ಟರಲ್ಲಿ ತಂಡದೊಳಗೆ ಕೋವಿಡ್ ಹಬ್ಬಿತು. ಕನಿಷ್ಠ 13 ಆಟಗಾರ್ತಿಯರ ಹೆಸರು ಕೊಡಲೂ ಆಗಲಿಲ್ಲ. ನಿಯಮದ ಪ್ರಕಾರ ತಂಡ ‘ಹಿಂದೆ ಸರಿದಂತೆ’ ಎಂದು ತೀರ್ಮಾನವಾಯಿತು. ಇರಾನ್ ಜೊತೆ ಆಡಿದ ಪಂದ್ಯವನ್ನೂ ಲೆಕ್ಕದಿಂದ ತೆಗೆದುಹಾಕಿದರು.

ಮೊದಲು ನಾನೂ ಚೌಕದೊಳಗೆ ಪೆನ್ಸಿಲ್‌ನಲ್ಲಿ ‘ಹಿಂದೆ ಸರಿಯಿತು’ ಎಂದೇ ಬರೆದಿದ್ದೆ. ಅದನ್ನು ಓದಿದ ಒಬ್ಬ ಹುಡುಗಿ ಕೇಳಿದಳು, “ಅಕ್ಕಾ, ಅವರು ಎಂತಕ್ಕೆ ಹಿಂದೆ ಸರಿದದ್ದು? ಹೆದರಿದ್ದಾ?”

ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ಕನ್ನಡದಲ್ಲಿ ಹಿಂದೆ ಸರಿಯುವುದು ಮನಸ್ಸು ಮಾಡಿ ಮಾಡುವ ಕೆಲಸ. ಚುನಾವಣೆಯ ಕಣದಿಂದ ಹಿಂದೆ ಸರಿಯುತ್ತಾರೆ, ಕೊಟ್ಟ ಮಾತಿನಿಂದ ಹಿಂದೆ ಸರಿಯುತ್ತಾರೆ. ನಿಯಮದ ಬರಹದಲ್ಲಿ ‘ಸರಿದಂತೆ’ ಎಂಬ ‘ಅಂತೆ’ ಇದೆ. ಪಟ್ಟಿಯ ಚೌಕಕ್ಕೆ ಬರುವಾಗ ಆ ‘ಅಂತೆ’ ಬಿದ್ದುಹೋಗುತ್ತದೆ. ಆ ಹುಡುಗಿಯರು ಆಡಲೆಂದೇ ಬಂದವರು. ಅವರು ಬಿಟ್ಟು ಹೋದರು ಎಂದು ಗೋಡೆಯ ಮೇಲೆ ಬರೆಯಲು ನನಗೆ ಕೈ ಬರುವುದಿಲ್ಲ.

‘ಹೊರಬಿತ್ತು’ ಎನ್ನೋಣವೇ? ಪತ್ರಿಕೆ ಓದುವವರಿಗೆ ಅದು ಸೋತು ಹೊರಬಿದ್ದದ್ದು. ಇಲ್ಲಿ ಸೋಲೇ ಇಲ್ಲ. ‘ಹೊರಗುಳಿಯಿತು’ ಸ್ವಲ್ಪ ಹತ್ತಿರ ಬರುತ್ತದೆ. ಗಾಯವಾದ ಆಟಗಾರರು ಹೊರಗುಳಿದರು ಅನ್ನುತ್ತೇವಲ್ಲ, ಅಲ್ಲಿ ಯಾರ ತಪ್ಪೂ ಕಾಣುವುದಿಲ್ಲ. ಆದರೆ ಹೊರಗುಳಿದವರು ಒಳಗೆ ಬಂದೇ ಇಲ್ಲ ಎಂಬ ಅರ್ಥವೂ ಅದಕ್ಕಿದೆ. ಇವರು ಬಂದು 90 ನಿಮಿಷ ಆಡಿದ್ದರು. ‘ಹೊರಗುಳಿಯಬೇಕಾಯಿತು’ ಎಂದರೆ ಅನಿವಾರ್ಯ ಎಂಬುದಾದರೂ ತಿಳಿಯುತ್ತದೆ. ಆ ‘ಬೇಕಾಯಿತು’ ನನಗೆ ಇಷ್ಟ, ಆದರೆ ಚೌಕ ಸಣ್ಣದು. ಮಕ್ಕಳು ತುಳುವಿನಲ್ಲಿ ‘ಗೊಬ್ಬೆರೆ ಆಯಿಜಿ’ ಎಂದು ಮುಗಿಸಿದರು. ಅಂದರೆ ಆಡಲು ಆಗಲಿಲ್ಲ. ಇಷ್ಟು ಸರಳವಾಗಿ ಕನ್ನಡದಲ್ಲೂ ‘ಆಡಲಾಗಲಿಲ್ಲ’ ಎಂದು ಬರೆದರೆ ಸಾಕಾ?

ಆಗ ಇರಾನ್ ಪಂದ್ಯದ ಗತಿ ಏನು ಎಂಬ ಪ್ರಶ್ನೆ ಬರುತ್ತದೆ. ‘ರದ್ದು’ ಎಂದರೆ ನಮ್ಮ ಮಂಗಳೂರಿನವರಿಗೆ ಮಳೆ ನೆನಪಾಗುತ್ತದೆ, ಪಂದ್ಯ ನಡೆಯಲೇ ಇಲ್ಲ ಅಂತ. ಇದು ನಡೆದ ಪಂದ್ಯ. ‘ಅಸಿಂಧು’ ಸರಿಯಾದ ಪದ. ಚಲಾಯಿಸಿದ ಮತ ಅಸಿಂಧು ಆಗುವ ಹಾಗೆಯೇ ಇದೂ: ಆದದ್ದು ನಿಜ, ಎಣಿಕೆಗೆ ಬರುವುದಿಲ್ಲ. ಆದರೆ ಹನ್ನೆರಡು ವರ್ಷದ ಮಕ್ಕಳಿಗೆ ಸಿಂಧು ಎಂದರೆ ಬ್ಯಾಡ್ಮಿಂಟನ್ ಆಟಗಾರ್ತಿಯ ಹೆಸರು. ಅದರ ಹಿಂದೆ ‘ಅ’ ಸೇರಿಸಿ ಅರ್ಥ ಹೇಳುವುದು ಕಷ್ಟ.

ಈ ಸಂಗತಿಗೆ ಅಕ್ಷರಕ್ಷರ ಹೊಂದುವ ಮಾತು ನಮ್ಮಲ್ಲಿ ಮೊದಲೇ ಇದೆ: ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. ಅದರಲ್ಲಿರುವ ‘ಉಂಟು’ ನಮ್ಮ ಕರಾವಳಿಯ ದಿನದ ಮಾತು ಕೂಡ. ಆಡಿದರು, ಆದರೆ ಲೆಕ್ಕಕ್ಕೆ ಹಿಡಿಯಲಿಲ್ಲ. ಬೇರೆ ಯಾವ ಪದವೂ ಇಷ್ಟು ಸರಿಯಾಗಿ ಕೂರುವುದಿಲ್ಲ. ಆದರೂ ಅದನ್ನು ಬರೆಯಲಾರೆ. ಪುಟ್ಟ ಮಗುವನ್ನು ಸುಮ್ನೆ ಆಟಕ್ಕೆ ಸೇರಿಸಿಕೊಂಡಾಗ ಹೇಳುವ ಮಾತದು. ದೊಡ್ಡವರ ಬಗ್ಗೆ ಹೇಳಿದರೆ ಅವರಿಗೆ ಬೆಲೆಯಿಲ್ಲ ಎಂದಾಗುತ್ತದೆ. ಹೀಯಾಳಿಕೆ ಇಲ್ಲದೆ ಈ ಮಾತನ್ನು ನಿಮ್ಮ ಕಡೆ ಯಾರಾದರೂ ಬಳಸುತ್ತಾರಾ? ಬಳಸಿದ್ದನ್ನು ಕೇಳಿದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು ಸಣ್ಣ ಸಂಶಯ ‘ಅರ್ಹತೆ’ಯದು. 2022ರಲ್ಲಿ ಆತಿಥೇಯ ದೇಶ ಎಂದು ಭಾರತಕ್ಕೆ ನೇರ ಪ್ರವೇಶ ಸಿಕ್ಕಿತ್ತು. 2026ರ ಏಷ್ಯಾ ಕಪ್‌ಗೆ ಆಡಿಯೇ ಹೋದರು. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡ್ ತಂಡವನ್ನು 2-1ರಿಂದ ಸೋಲಿಸಿದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದ್ದು. ಎರಡೂ ಸಾಲಿಗೆ ‘ಅರ್ಹತೆ’ ಎಂದು ಬರೆದರೆ ವ್ಯತ್ಯಾಸ ಅಳಿಸಿಹೋಗುತ್ತದೆ. ಹಾಗಾಗಿ ಮೊದಲನೆಯದಕ್ಕೆ ‘ಪ್ರವೇಶ ಸಿಕ್ಕಿತು’, ಎರಡನೆಯದಕ್ಕೆ ‘ಪ್ರವೇಶ ಗೆದ್ದರು’ ಎಂದು ಹಾಕಿದ್ದೇನೆ. ವಿಶ್ವಕಪ್ ಸಾಲಿಗೆ ‘ಅರ್ಹತೆ ಪಡೆಯಲಿಲ್ಲ’ ಬೇಡ ಅನಿಸಿತು. ಯೋಗ್ಯತೆ ಇಲ್ಲ ಅಂದ ಹಾಗೆ ಕೇಳುತ್ತದೆ, ಅಲ್ವಾ? ‘ಇನ್ನೂ ತಲುಪಿಲ್ಲ’ ಎಂದು ಬರೆದೆ.

2022ರ ಚೌಕವೊಂದು ಖಾಲಿ ಉಳಿದಿದೆ. ಬಣ್ಣ ಬರೆಯುವವರು ಶನಿವಾರ ಬರುತ್ತಾರೆ. ಎರಡು ಪದಕ್ಕಿಂತ ಜಾಸ್ತಿ ಅದರಲ್ಲಿ ಹಿಡಿಯುವುದಿಲ್ಲ.