ಒಂದೇ ಕರಿಬೇವಿನ ಗಿಡದ ಹುಳ, ಎರಡು ಬಗೆ ಚಿಟ್ಟೆ. ಹೇಗೆ?

ಬದಿಯಡ್ಕದ ಅಮ್ಮ:
ನಮಸ್ಕಾರ. ಮನೆ ಹಿಂದಿನ ಬೇವಿನಸೊಪ್ಪಿನ (ಕರಿಬೇವಿನ) ಗಿಡದಲ್ಲಿ ಹಕ್ಕಿ ಹಿಕ್ಕೆ ಹಾಗೆ ಕಾಣುವ ಹುಳ ಇದ್ದವು, ಮಗಳು ಐದನ್ನು ಬಾಟ್ಲಿಯಲ್ಲಿ ಹಾಕಿ ದಿನಾ ಸೊಪ್ಪು ಕೊಟ್ಟು ಸಾಕಿದ್ಲು, ಆಮೇಲೆ ಹಸಿರಾದವು, ಮುಟ್ಟಿದ್ರೆ ತಲೆ ಹಿಂದಿಂದ ಕೆಂಪು ಕವಲು ಕೊಂಬು ಹೊರಗೆ ಹಾಕಿ ಎಂತದೋ ವಾಸನೆ ಬಿಡ್ತಿದ್ದವು. ಈಗ ಮೂರು ಕೋಶ ಒಡೆದಿದೆ. ಎರಡು ಚಿಟ್ಟೆ ಪೂರ್ತಿ ಕಪ್ಪು, ಹಿಂದಿನ ರೆಕ್ಕೆಗೆ ಅಡ್ಡಕ್ಕೆ ಬಿಳಿ ಚುಕ್ಕಿ ಸಾಲು. ಮೂರನೇದು ಬೇರೆಯೇ ಉಂಟು, ರೆಕ್ಕೆ ನಡುವೆ ಬಿಳಿ ಮಚ್ಚೆ, ಅಂಚಲ್ಲಿ ಕೆಂಪು. ಮಗಳ ಚಾರ್ಟಲ್ಲಿ ಕಾಮನ್ ರೋಸ್ ಅಂತ ಇರುವ ಚಿಟ್ಟೆ ಹಾಗೆಯೇ. ಅದನ್ನು ನೋಡಿ ಇದು ಕಾಪಿ ಮಾಡಿದ್ದಾ ಅಂತ ಕೇಳ್ತಾಳೆ. ಬಾಟ್ಲಿಯೊಳಗೇ ಬೆಳೆದದ್ದು ಯಾರನ್ನು ನೋಡೀತು? ಗೊತ್ತಿದ್ದವರು ಹೇಳಿ.

ಕುಂಬಳೆ ನಿವೃತ್ತ:
ಅಕ್ಕ, ಮೂರೂ ಒಂದೇ ಜಾತಿ, ಕಾಮನ್ ಮಾರ್ಮನ್. ಕೆಂಪು ಇರುವುದು ಹೆಣ್ಣು. ಮೈ ನೋಡಿ, ಕಾಮನ್ ರೋಸಿಗಾದ್ರೆ ಮೈಯೇ ಕೆಂಪು, ನಿಮ್ಮದರದ್ದು ಕಪ್ಪಿರ್ತದೆ.

ಮಗಳ ಪ್ರಶ್ನೆ ಬಹಳ ಒಳ್ಳೆದು. ಕಾಮನ್ ರೋಸಿನ ಹುಳ ತಿನ್ನುವುದು ಈಶ್ವರಿ ಬಳ್ಳಿಯನ್ನು, ಅದರ ವಿಷ ಚಿಟ್ಟೆ ಆದ ಮೇಲೂ ಮೈಯಲ್ಲಿ ಉಳೀತದೆ, ಒಮ್ಮೆ ತಿಂದ ಹಕ್ಕಿ ಆ ಕೆಂಪು-ಬಿಳಿ ವೇಷವನ್ನು ಮತ್ತೆ ಮುಟ್ಟುದಿಲ್ಲ. ಮಾರ್ಮನ್ ಬೆಳೆಯುವುದು ಬೇವಿನಸೊಪ್ಪು, ನಿಂಬೆ ಗಿಡದಲ್ಲಿ, ಅದಕ್ಕೆ ಆ ವಿಷ ಇಲ್ಲ. ಹಿಂದೆ ಯಾವುದೋ ಕಾಲದಲ್ಲಿ ಹುಟ್ಟಿನಿಂದಲೇ ಸ್ವಲ್ಪ ರೋಸಿನ ಹಾಗೆ ಕಂಡ ಹೆಣ್ಣುಗಳನ್ನು ಹಕ್ಕಿ ಬಿಟ್ಟಿತು, ಉಳಿದವನ್ನು ಹಿಡಿದು ತಿಂದಿತು, ಬದುಕಿದ್ದು ಮೊಟ್ಟೆ ಇಟ್ಟಿತು. ಹೀಗೆ ಸಾವಿರಾರು ತಲೆಮಾರು. ಚಿಟ್ಟೆ ಯಾರನ್ನೂ ನೋಡಿಲ್ಲ ಅಕ್ಕ, ನೋಡಿದ್ದು ಹಕ್ಕಿ. ನಾವು ಒಳ್ಳೆ ಮರದ ಅಡಿಕೆಯನ್ನೇ ಬೀಜಕ್ಕೆ ಇಡುದಿಲ್ವಾ, ಆ ಕೆಲಸ ಇಲ್ಲಿ ಹಕ್ಕಿ ಮಾಡಿದ್ದು, ಅದಕ್ಕೆ ಗೊತ್ತೇ ಇಲ್ಲದೆ. ಡಾರ್ವಿನ್ 1859ರ ಪುಸ್ತಕವನ್ನು ಶುರು ಮಾಡಿದ್ದೂ ಸಾಕಿದ ಪ್ರಾಣಿ, ಬೆಳೆಸಿದ ಗಿಡಗಳಿಂದಲೇ.

ಈ ವೇಷದ ಗುಟ್ಟನ್ನು ಮೊದಲು ಬಿಡಿಸಿ ಹೇಳಿದ್ದು ಹೆನ್ರಿ ಬೇಟ್ಸ್, ಅಮೆಜಾನ್ ಕಾಡಿನ ಚಿಟ್ಟೆ ನೋಡಿ, 1862ರಲ್ಲಿ. ನಿಮ್ಮ ಬಾಟ್ಲಿಯ ಚಿಟ್ಟೆಯ ಬಗ್ಗೆಯೇ ಬರೆದವರು ಆಲ್ಫ್ರೆಡ್ ವಾಲೇಸ್, 1865ರಲ್ಲಿ. ಗಂಡಿನ ಹಾಗೆ ಕಪ್ಪಾಗಿರುವ ಹೆಣ್ಣು, ಕೆಂಪು ವೇಷದ ಹೆಣ್ಣು, ಬೇರೆ ಬೇರೆ ಕಂಡರೂ ಎಲ್ಲ ಒಂದೇ ಜಾತಿ ಅಂತ ತೋರಿಸಿದ್ರು.

ಪೆರ್ಲದಿಂದ:
ಮಾಷ್ಟ್ರೇ ಚಂದ ಹೇಳಿದ್ರಿ. ಒಂದು ಸಂಗತಿ ಸೇರಿಸ್ತೇನೆ, ನಂಗೆ ಇದರಲ್ಲಿ ತುಂಬ ಇಷ್ಟವಾದದ್ದು ಅದೇ. ಬಣ್ಣ, ಪಟ್ಟೆ, ಮಚ್ಚೆ ಎಲ್ಲ ಒಟ್ಟಿಗೆ ಬದಲಾಗ್ಬೇಕಲ್ಲ, ಅದು ಹೇಗೆ ಅಂತ ದೊಡ್ಡ ಜಗಳವೇ ನಡೆದಿತ್ತು. ತಳಿವಿಜ್ಞಾನಿ ಪನೆಟ್ 1915ರಲ್ಲಿ ಒಂದೇ ಜಿಗಿತದಲ್ಲಿ ಬಂತು ಅಂದ್ರು, ಇನ್ನೊಬ್ಬ ತಳಿವಿಜ್ಞಾನಿ ಫಿಶರ್ 1930ರಲ್ಲಿ ಇಲ್ಲ ಸ್ವಲ್ಪ ಸ್ವಲ್ಪವೇ ತಿದ್ದಿಕೊಂಡು ಬಂತು ಅಂದ್ರು. 2014ರಲ್ಲಿ ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಜೊತೆಯವರು ಡಬಲ್‌ಸೆಕ್ಸ್ ಅನ್ನುವ ಒಂದೇ ಜೀನ್ ಇದನ್ನು ನಡೆಸ್ತದೆ ಅಂತ ತೋರಿಸಿದ್ರು, ಕೀಟಗಳಲ್ಲಿ ಗಂಡು ಹೆಣ್ಣು ಲಕ್ಷಣ ರೂಪಿಸುವ ಜೀನ್ ಅದು. ವೇಷ ಹಾಕುವ ಬಗೆಯಲ್ಲಿ ಆ ಜಾಗದ ಡಿಎನ್‌ಎ ತುಂಡು ತಿರುವುಮುರುವಾಗಿ ಕೂತಿದೆ, ಹಾಗಾಗಿ ಒಳಗಿನ ಬದಲಾವಣೆಗಳು ಚದುರದೆ ಕಟ್ಟಾಗಿ ಮಕ್ಕಳಿಗೆ ಹೋಗ್ತವೆ. ಜಾಗ ಒಂದೇ, ಒಳಗೆ ಬದಲಾವಣೆ ಹಲವು. ಇಬ್ಬರ ಮಾತಿನಲ್ಲೂ ಹುರುಳಿತ್ತು ಅನ್ನಿ.

ಒಂದೇ ತಾಯಿಯ ಮೊಟ್ಟೆಯಿಂದ ಎರಡು ಬಗೆ ಹೆಣ್ಣು ಬರಬಹುದು. ಗಂಡಿನಲ್ಲೂ ಆ ಜೀನ್ ಇರ್ತದೆ, ಆದ್ರೆ ತೋರುದಿಲ್ಲ. ಮತ್ತೆ ವೇಷದವು ಅತಿಯಾದ್ರೂ ಕಷ್ಟ, ಹಕ್ಕಿಗೆ ರುಚಿ ಇರುವವೇ ಹೆಚ್ಚು ಸಿಕ್ಕಿದ್ರೆ ಕೆಂಪಿಗೆ ಹೆದರುದು ಬಿಡ್ತದೆ.

ಬದಿಯಡ್ಕದ ಅಮ್ಮ:
ಮೈ ನೋಡಿದೆವು ಮಾಷ್ಟ್ರೇ, ಕಪ್ಪೇ! ಮಗಳು ಜಗಲಿಯಲ್ಲಿ ಬಾಟ್ಲಿ ಬಾಯಿ ತೆಗೆದು ಬಿಟ್ಲು, ಅದು ಸ್ವಲ್ಪ ಹೊತ್ತು ಅವಳ ಕೈ ಮೇಲೆಯೇ ಕೂತು ರೆಕ್ಕೆ ಒಣಗಿಸಿಕೊಂಡು ಆಮೇಲೆ ನಿಂಬೆ ಗಿಡದ ಕಡೆ ಹೋಯ್ತು. ಇನ್ನೆರಡು ಕೋಶ ಉಂಟು, ಒಡೆದ ಕೂಡ್ಲೇ ಫೋಟೋ ಹಾಕ್ತೇನೆ.