ಹಳೆಯ ತೂಗುದೀಪಕ್ಕೆ ಕಪ್ಪು ಬಣ್ಣ ಬಳಿಯಬಹುದೇ?

ಪ್ರಶ್ನೆ (ಡೊಂಬಿವಲಿಯ ಸದಸ್ಯೆ)

ಅಣ್ಣಾ, ನಮಸ್ಕಾರ. ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಐದು ಕೈಗಳ ಹಳೆಯ ತೂಗುದೀಪವೊಂದನ್ನು ಕೊಂಡು ತಂದಿದ್ದೇವೆ. ಹಿಂದೆ ಯಾರೋ ಮೈಗೆಲ್ಲ ಚಿನ್ನದ ಬಣ್ಣ ಬಳಿದಿದ್ದಾರೆ, ಈಗ ಅದು ಅಲ್ಲಲ್ಲಿ ಹಕ್ಕಳೆ ಎದ್ದಿದೆ. ಅಂಚಿಗೆ ನೆರಿಗೆಯಿರುವ ಜೇನುಬಣ್ಣದ ಗಾಜುಗಳಲ್ಲಿ ಮೂರೇ ಉಳಿದಿವೆ. ಇಡೀ ದೀಪಕ್ಕೆ ಮ್ಯಾಟ್ ಕಪ್ಪು ಸ್ಪ್ರೇ ಹೊಡೆದು, ಗಾಜಿನ ಬದಲು ಗುಳೇದಗುಡ್ಡ ಖಣದ ಶೇಡ್ ಮಾಡಿಸಿ ಹಾಲ್‌ನಲ್ಲಿ ಹಾಕಬೇಕೆಂಬ ಆಸೆ. ಬಲ್ಬ್ ಹಾಕಿದರೆ ಉರಿಯುತ್ತದೆ, ಹಾಗಾಗಿ ವೈರ್ ಬದಲಿಸುವುದು ಬೇಡ ಎಂದು ಮನೆಯವರು ಹೇಳುತ್ತಿದ್ದಾರೆ. ನಿಮ್ಮ ಸಲಹೆ ಬೇಕು.

ಉತ್ತರ (ದೀಪಗಳ ದುರಸ್ತಿ ಮಾಡುವವರು)

ಅಕ್ಕ, ಸ್ಪ್ರೇ ಡಬ್ಬಿ ತರುವ ಮೊದಲು ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಒಳಗೆ ಕಬ್ಬಿಣ. ಅಂಟದಿದ್ದರೂ ಹಿತ್ತಾಳೆಯೇ ಎಂದು ಹೇಳಲಾಗದು, ಸತುವಿನ ಎರಕವೂ ಅಂಟುವುದಿಲ್ಲ. ಚಾವಣಿಗೆ ತಾಗುವ ಬಟ್ಟಲನ್ನು ಮಗುಚಿ, ಯಾರಿಗೂ ಕಾಣದ ಒಳಮೈಯಲ್ಲಿ ಚಾಕುವಿನ ತುದಿಯಿಂದ ಸಣ್ಣ ಗೀರು ಎಳೆಯಿರಿ. ಹಳದಿ ಹೊಳೆದರೆ ಹಿತ್ತಾಳೆ, ಬೂದುಬಿಳಿ ಕಂಡರೆ ಸತುವು. ಕೈಗಳನ್ನೂ ನಡುವಿನ ಕಂಬವನ್ನೂ ಬೇರೆ ಬೇರೆಯಾಗಿ ನೋಡಿ, ಒಂದೇ ದೀಪದಲ್ಲಿ ಎರಡು ಲೋಹ ಸೇರಿರುವುದುಂಟು.

ಕಬ್ಬಿಣವೋ ಸತುವೋ ಆದರೆ ಧಾರಾಳವಾಗಿ ಕಪ್ಪು ಬಳಿಯಿರಿ. ಹಿತ್ತಾಳೆಯಾದರೆ ದಯವಿಟ್ಟು ಬೇಡ. ನುಣುಪಾದ ಹಿತ್ತಾಳೆ ಬಣ್ಣವನ್ನು ಸುಲಭವಾಗಿ ಹಿಡಿಯುವುದಿಲ್ಲ, ಲೋಹಕ್ಕೆ ಕಚ್ಚಿ ಬಣ್ಣವನ್ನು ಹಿಡಿಸುವ ಎಚ್ ಪ್ರೈಮರ್ ಇಲ್ಲದೆ ಬಳಿದದ್ದು ಈಗಿನ ಚಿನ್ನದ ಬಣ್ಣದಂತೆಯೇ ಎದ್ದು ಬರುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ನೀವು ಕೊಟ್ಟ ದುಡ್ಡು ಆ ಲೋಹಕ್ಕೆ. ಖಣದ ಕೆಂಪಿನ ಪಕ್ಕದಲ್ಲಿ ಹಳೆಯ ಹಿತ್ತಾಳೆ ಕೊಡುವ ಕಳೆಯನ್ನು ಯಾವ ಕಪ್ಪು ಬಣ್ಣವೂ ಕೊಡಲಾರದು.

ಉರಿಯುತ್ತದೆ ಎಂಬುದು ವೈರ್ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಹಳೆಯ ದೀಪಗಳಲ್ಲಿ ಹೆಚ್ಚಾಗಿ ಸಿಗುವುದು ನೂಲು ಸುತ್ತಿದ ರಬ್ಬರ್ ವೈರ್. ಫಿಲಮೆಂಟ್ ಬಲ್ಬಿನ ಕಾವಿಗೆ ಅದು ಒಣಗಿ, ಮಡಚಿದರೆ ಪುಡಿಪುಡಿಯಾಗುತ್ತದೆ. ಒಳಗೆ ತಾಮ್ರ ಬರಿದಾಗಿ ದೀಪದ ಲೋಹದ ಕೈಗೆ ತಾಗಿದರೆ ಇಡೀ ದೀಪಕ್ಕೆ 230 ವೋಲ್ಟ್ ಬರುತ್ತದೆ. ಐದು ಹೋಲ್ಡರ್‌ಗಳನ್ನೂ ಅಷ್ಟೂ ವೈರನ್ನೂ ಬದಲಿಸಲೇಬೇಕು, ಇದರಲ್ಲಿ ನನ್ನದು ಎರಡು ಮಾತಿಲ್ಲ.

ಬಿಚ್ಚುವಾಗ ಹಳೆಯ ವೈರನ್ನು ಬರಿದೇ ಎಳೆದು ಹಾಕಬೇಡಿ. ಅದರ ತುದಿಗೆ ಗಟ್ಟಿ ದಾರ ಕಟ್ಟಿ ಇನ್ನೊಂದು ಕಡೆಯಿಂದ ಎಳೆದರೆ, ಬಾಗಿದ ಕೈಯೊಳಗೆ ದಾರ ಉಳಿದುಕೊಳ್ಳುತ್ತದೆ. ಮುಂದೆ ಅದೇ ದಾರ ಹೊಸ ವೈರನ್ನು ಒಳಗೆ ತರುತ್ತದೆ. ಕೊಳವೆಯ ಬಾಯಂಚನ್ನು ಬೆರಳಿನಿಂದ ಸವರಿ ನೋಡಿ, ಹರಿತವಾಗಿದ್ದರೆ ಅರದಿಂದ ಉಜ್ಜಿ ನುಣುಪು ಮಾಡಿ, ಆ ಜಾಗದಲ್ಲಿ ವೈರಿಗೆ ಸ್ಲೀವ್ (ರಕ್ಷಣೆಯ ಹೊರಕವಚ) ತೊಡಿಸಿ. ಏಳು ವ್ಯಾಟಿನ ಐದು ಎಲ್‌ಇಡಿ ಹಾಕಿದರೂ ಒಟ್ಟು 35 ವ್ಯಾಟ್ ಅಷ್ಟೇ, ತೆಳುವಾದ ವೈರ್ ಸಾಕು. ಆದರೆ ಐಎಸ್‌ಐ ಗುರುತು ಇರಲಿ. ಹೋಲ್ಡರ್ ಕೊಳ್ಳಲು ಮುಂಬಯಿಯ ವಿದ್ಯುತ್ ಸಾಮಾನುಗಳ ಪೇಟೆ ಲೋಹಾರ್ ಚಾಳ್‌ಗೆ ಹೋಗುವಾಗ ಹಳೆಯದೊಂದನ್ನು ಜೊತೆಗೆ ಒಯ್ಯಿರಿ, ತಿರುಪಿನ ಅಳತೆ ಬಾಯಿಮಾತಿನಲ್ಲಿ ಹೇಳಿದರೆ ಸರಿಹೋಗುವುದಿಲ್ಲ.

ವೈರ್ ತೆಗೆದ ಮೇಲೆ ಬಣ್ಣ ಬಿಡಿಸುವ ಕೆಲಸ. ಒಣಗಿದ ಬಣ್ಣವನ್ನು ಮರಳುಕಾಗದದಿಂದ ತಿಕ್ಕಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 90 ಭಾಗ) ದಾಟಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣದ ಧೂಳು ಮಕ್ಕಳಿರುವ ಮನೆಗೆ ಬೇಡವೇ ಬೇಡ. ಬಣ್ಣ ತೆಗೆಯುವ ದ್ರಾವಣವನ್ನು ಕೈಗವಸು ತೊಟ್ಟು, ಗಾಳಿಯಾಡುವ ಬಾಲ್ಕನಿಯಲ್ಲಿ ಹಚ್ಚಿ, ಎದ್ದ ಬಣ್ಣವನ್ನು ಪ್ಲಾಸ್ಟಿಕ್ ಚೂರಿನಿಂದ ಕೆರೆದು ತೆಗೆಯಿರಿ.

ಕೊನೆಗೆ ಹಿತ್ತಾಳೆಗೆ ನಮ್ಮ ಹುಣಸೆಹಣ್ಣು ಮತ್ತು ಉಪ್ಪು. ದೇವರ ದೀಪಗಳನ್ನು ಬೆಳಗಿದ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದೇ ಎಚ್ಚರಿಕೆ: ಸಂದಿಯಲ್ಲಿ ಹುಳಿ ಉಳಿದರೆ ಮುಂಬಯಿಯ ತೇವಕ್ಕೆ ಹಸಿರು ಕಿಲುಬು ಬೇಗ ಬರುತ್ತದೆ. ಚೆನ್ನಾಗಿ ತೊಳೆದು, ತಕ್ಷಣ ಒರೆಸಿ, ಬಿಸಿಲಿಗಿಟ್ಟು ಒಣಗಿಸಿದ ಮೇಲೆಯೇ ಹೊಸ ವೈರ್ ಎಳೆಯಿರಿ. ಹೂಬಳ್ಳಿಯ ಕೆತ್ತನೆಯಿದ್ದರೆ ತಗ್ಗಿನ ಕಪ್ಪನ್ನು ಹಾಗೆಯೇ ಬಿಡಿ, ಉಬ್ಬನ್ನು ಮಾತ್ರ ಹೊಳೆಯಿಸಿ. ಚಿತ್ರ ಎದ್ದು ಕಾಣುವುದು ಆ ಕಪ್ಪಿನಿಂದಲೇ.

ಖಣದ ಶೇಡ್ ನನಗೂ ಬಹಳ ಹಿಡಿಸಿತು. ಬಟ್ಟೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿ ಆರಿಸಿ, ಕಡುನೀಲಿ ಮತ್ತು ಕಪ್ಪು ಬೆಳಕನ್ನು ನುಂಗುತ್ತವೆ. ತಂತಿಯ ಚೌಕಟ್ಟು ಬಲ್ಬಿನಿಂದ ಎರಡು ಮೂರು ಬೆರಳು ದೂರವಿರಲಿ, ಮೇಲೂ ಕೆಳಗೂ ತೆರೆದಿರಲಿ. ಎಲ್‌ಇಡಿ ಬಿಟ್ಟು ಬೇರೆ ಬಲ್ಬ್ ಅದರೊಳಗೆ ಎಂದಿಗೂ ಬೇಡ. ಉಳಿದ ಮೂರು ಗಾಜುಗಳನ್ನು ಎಸೆಯಬೇಡಿ, ಗೋಡೆಯ ದೀಪಗಳಿಗೆ ಚೆನ್ನಾಗಿ ಒಪ್ಪುತ್ತವೆ. ಹಾಕುವಾಗ ಗಾಜನ್ನು ಹಿಡಿಯುವ ತಿರುಪುಗಳನ್ನು ಬಿಗಿಯಬೇಡಿ, ತಾಗಿದಷ್ಟಕ್ಕೇ ನಿಲ್ಲಿಸಿ.

ಪ್ರಶ್ನೆ (ಠಾಣೆಯ ಸದಸ್ಯರು)

ನಮ್ಮದು ಕಬ್ಬಿಣದ ದೀಪ. ಜುಲೈಯಲ್ಲಿ ಕಪ್ಪು ಬಳಿದು ಮೇಲೆ ಲ್ಯಾಕರ್ (ಪಾರದರ್ಶಕ ಲೇಪ) ಹೊಡೆದೆವು. ಮಬ್ಬಾಗಿ ಬೆಳ್ಳಗಾಗಿದೆ. ಪೂರ್ತಿ ಕೆರೆಯಬೇಕೇ?

ಉತ್ತರ

ಬೇಡ ಸರ್. ಗಾಳಿಯ ತೇವ ಲ್ಯಾಕರ್‌ನಲ್ಲಿ ಸಿಕ್ಕಿಕೊಂಡಿದೆ. ಮಳೆ ಹಿಂದೆಗೆದ ಮೇಲೆ, ಒಣ ಹವೆಯ ದಿನ, ಒಂದು ಗೇಣು ದೂರದಿಂದ ತೆಳುವಾಗಿ ಮತ್ತೊಂದು ಪದರ ಹೊಡೆಯಿರಿ. ಬಹುಪಾಲು ತಿಳಿಯಾಗುತ್ತದೆ.

ಪ್ರಶ್ನೆ (ಡೊಂಬಿವಲಿಯ ಸದಸ್ಯೆ)

ಗೀರಿ ನೋಡಿದೆ ಅಣ್ಣಾ, ಪೂರ್ತಿ ಹಿತ್ತಾಳೆ! ಕಪ್ಪು ಬಣ್ಣದ ಯೋಚನೆ ಬಿಟ್ಟೆವು. ಆದರೆ ಹಾಲ್‌ಗೆ ಜಿಪ್ಸಮ್ ಫಾಲ್ಸ್ ಸೀಲಿಂಗ್ ಇದೆ, ಅಲ್ಲಿಗೆ ಬಂದಿರುವುದು ಎರಡೇ ವೈರ್.

ಉತ್ತರ

ಬಹಳ ಸಂತೋಷ ಅಕ್ಕ. ಜಿಪ್ಸಮ್ ಹಲಗೆ ಆ ಭಾರ ತಡೆಯುವುದಿಲ್ಲ. ಅದರಲ್ಲಿ ತೂತು ಕೊರೆದು, ಮೇಲಿನ ಸ್ಲ್ಯಾಬಿನ ಫ್ಯಾನ್ ಕೊಂಡಿಯಿಂದಲೇ ಸರಪಳಿ ಇಳಿಸಬೇಕು. ಕೊಂಡಿ ಇಲ್ಲದಿದ್ದರೆ ಸ್ಲ್ಯಾಬಿಗೆ ಆ್ಯಂಕರ್ ಬೋಲ್ಟ್ ಹಾಕಿಸಿ. ಭಾರವೆಲ್ಲ ಸರಪಳಿಯ ಮೇಲಿರಲಿ, ವೈರ್ ಸಡಿಲವಾಗಿರಲಿ.

ಎರಡೇ ವೈರ್ ಎಂದರೆ, ಸೋರಿದ ವಿದ್ಯುತ್ತನ್ನು ನೆಲಕ್ಕೆ ಒಯ್ಯುವ ಅರ್ಥಿಂಗ್ ಇಲ್ಲ. ಲೋಹದ ದೀಪವನ್ನು ಹಾಗೆ ಹಾಕಕೂಡದು. ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದ ಮನೆಗೆಲ್ಲ ವಿದ್ಯುತ್ ಹಂಚುವ ಡಿಬಿ ಪೆಟ್ಟಿಗೆಯಿಂದ ಅರ್ಥಿಂಗಿನ ಹಸಿರು ವೈರ್ ಎಳೆಸಿ, ದೀಪದ ಮೈಗೆ ತಿರುಪಿನಿಂದ ಬಿಗಿಸಿ. ನ್ಯೂಟ್ರಲ್ ಅನ್ನೇ ಮೈಗೆ ಸೇರಿಸಿದರೆ ಸಾಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎಲ್ಲೋ ನ್ಯೂಟ್ರಲ್ ತುಂಡಾದ ದಿನ ದೀಪದ ಮೈಯೇ ಶಾಕ್ ಹೊಡೆಯುತ್ತದೆ. ಡಿಬಿಯಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್) ಇಲ್ಲದಿದ್ದರೆ ಅದನ್ನೂ ಅದೇ ದಿನ ಕೂರಿಸಿ. ತೂಗುಹಾಕುವ ಮೊದಲು ಮೆಗ್ಗರ್ ಎಂಬ ಅಳತೆಯ ಉಪಕರಣ ಹಿಡಿದು ವೈರಿಗೂ ಮೈಗೂ ನಡುವಿನ ಇನ್ಸುಲೇಶನ್ ಪರೀಕ್ಷಿಸಲು ಅವರಿಗೇ ಹೇಳಿ. ಕೆಳಗೆ, ಮೇಜಿನ ಮೇಲಿರುವಾಗಲೇ ಅದು ಸುಲಭ.