ಮನೆ ಶೆಡ್ಡಿಗೆ ಹಳೇ ಲೇಥ್: ಕೊಳ್ಳುವ ಮುಂಚೆ ಏನು ನೋಡಬೇಕು?

ರಿಪ್ಪನ್‌ಪೇಟೆಯವ:
ನಮಸ್ಕಾರ. ಅಡಿಕೆ ಸುಲಿಯುವ ಮೆಷಿನ್ನಿನ ಶಾಫ್ಟು, ಔಷಧಿ ಹೊಡೆಯುವ ಪಂಪಿನ ಬುಶ್ಶು, ಇಂಥ ಚಿಲ್ಲರೆ ಕೆಲಸಕ್ಕೆಲ್ಲ ಶಿವಮೊಗ್ಗಕ್ಕೆ ಓಡಿ ಸಾಕಾಗಿದೆ. ಕೊಯ್ಲಿನ ಟೈಮಲ್ಲಿ ಅವರು ‘ನಾಳೆ ಬನ್ನಿ’ ಅಂದರೆ ಇಲ್ಲಿ ಕೆಲಸವೇ ನಿಲ್ಲುತ್ತದೆ. ಭದ್ರಾವತಿಯಲ್ಲಿ ಮುಚ್ಚುತ್ತಿರುವ ಒಂದು ವರ್ಕ್‌ಶಾಪಿನಲ್ಲಿ ಇಂಥ ಲೋಹದ ಸಾಮಾನು ತಿರುಗಿಸಿ ಕಡೆಯುವ ನಾಲ್ಕೂವರೆ ಅಡಿ ಲೇಥ್ ಇದೆ, ಬೆಲ್ಟಿನದು, ಪಂಜಾಬಿನ ಬಟಾಲಾ ಮಾಲು. ಹೊಸದಾಗಿ ಹಸಿರು ಪೇಂಟ್ ಹೊಡೆದಿದ್ದಾರೆ. 60,000 ಹೇಳುತ್ತಿದ್ದಾರೆ. ಮೋಟಾರು 2 ಎಚ್‌ಪಿ ತ್ರೀ ಫೇಸ್, ಮನೆಗಿರುವುದು ಸಿಂಗಲ್ ಫೇಸ್. ತೋಟದ ಪಂಪ್‌ಸೆಟ್ ಲೈನಿನಿಂದ ಎಳೆದುಕೊಂಡರೆ ಆಗಲ್ವಾ?

ಚಕ್ ಕೀ:
ಪೇಂಟಿಗೆ ದುಡ್ಡು ಕೊಡಬೇಡಿ, ಬೆಡ್ ನೋಡಿ, ಅಂದರೆ ಮೆಷಿನ್ನಿನ ಉದ್ದಕ್ಕಿರುವ ಹಳಿ. ಎಲ್ಲರೂ ಸಾಮಾನು ಕಚ್ಚಿ ಹಿಡಿಯುವ ಚಕ್ಕಿನ ಹತ್ತಿರವೇ ಕೆಲಸ ಮಾಡುವುದರಿಂದ ಬೆಡ್ ಸವೆಯುವುದೂ ಅಲ್ಲೇ. ಟೂಲ್ ಹೊತ್ತು ಬೆಡ್ ಮೇಲೆ ಜಾರುವ ಕ್ಯಾರೇಜನ್ನು ಚಕ್ಕಿನ ಪಕ್ಕ ತಂದು, ಅದರ ಲಾಕನ್ನು ಸ್ವಲ್ಪ ಬಿಗಿ ಅನ್ನಿಸುವಷ್ಟು ತಿರುಗಿಸಿ, ಆಮೇಲೆ ಕೈಚಕ್ರದಲ್ಲಿ ಎದುರು ತುದಿಯ ಟೈಲ್‌ಸ್ಟಾಕ್ ಕಡೆಗೆ ಓಡಿಸಿ. ನಡುವೆ ಎಲ್ಲೋ ಹಿಡಿದುಕೊಂಡರೆ ಚಕ್ಕಿನ ಕಡೆ ಸವೆದಿದೆ ಅಂತಲೇ ಲೆಕ್ಕ.

ಇನ್ನೊಂದು, ಚಕ್ ತಿರುಗಿಸುವ ಸ್ಪಿಂಡಲ್ ನೋಡಲು ಚಕ್ಕಿಗೆ ಎರಡಡಿ ಉದ್ದದ ದಪ್ಪ ರಾಡ್ ಕಚ್ಚಿಸಿ. ಚಕ್ಕಿನ ಮೇಲೆ ಸಣ್ಣ ಅಲ್ಲಾಟ ಅಳೆಯುವ ಡಯಲ್ ಗೇಜ್ ಮುಟ್ಟಿಸಿ ರಾಡನ್ನು ಮೇಲಕ್ಕೆ ಎತ್ತಿ. ಮುಳ್ಳು ಎರಡು ಮೂರು ಗೆರೆ ಅಲ್ಲಾಡಿದರೆ, ಅಂದರೆ 0.02, 0.03 ಮಿಲಿಮೀಟರ್, ಹಳೇ ಮೆಷಿನ್ನಿಗೆ ಪರವಾಗಿಲ್ಲ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಬೇರಿಂಗ್ ಟೈಟ್ ಮಾಡಿಸಿ ಮತ್ತೆ ನೋಡಿ. ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡಿನ ಹಿಡಿಕೆ ಕಾಲು ಸುತ್ತು ಸುಮ್ನೆ ತಿರುಗಿದರೆ ಹೆದರಬೇಡಿ, ನಟ್ ಬದಲಾಯಿಸಬಹುದು. ಬೆಡ್ ಹಾಗಲ್ಲ, ಗ್ರೈಂಡಿಂಗಿಗೆ ಕಳಿಸಬೇಕು, ಸಾಗಿಸುವ ಖರ್ಚೂ ಸೇರಿದರೆ ಲೇಥಿನ ರೇಟಿಗೆ ಹತ್ತಿರ ಬರುತ್ತದೆ.

ಮೂರು ಫೇಸು:
ಪಂಪ್‌ಸೆಟ್ ಲೈನ್ ಬೇಡವೇ ಬೇಡ. 10 ಎಚ್‌ಪಿವರೆಗಿನ ಆ ಫ್ರೀ ಕರೆಂಟು ನೀರೆತ್ತಲು ಮಾತ್ರ, ಲೇಥಿಗೆ ಬಳಸಿದರೆ ಕೇಸಾಗುತ್ತದೆ. ಮೇಲಾಗಿ ಆ ಲೈನಿಗೆ ತ್ರೀ ಫೇಸ್ ಬರುವುದೇ ಕೆಲವು ಗಂಟೆ, ಅದೂ ಎಷ್ಟೋ ಸಲ ರಾತ್ರಿ.

ಸಿಂಗಲ್ ಫೇಸ್ ಹಾಕಿದರೆ ತ್ರೀ ಫೇಸ್ ಕೊಡುವ ವಿಎಫ್‌ಡಿ ಸಿಗುತ್ತದೆ. 2 ಎಚ್‌ಪಿ ಮೋಟಾರಿಗೆ 2.2 ಕಿಲೋವ್ಯಾಟಿನದು ಹಾಕಿ. ಆದರೆ ಅದರಿಂದ ಹೊರಬರುವುದು 230 ವೋಲ್ಟ್, ನಿಮ್ಮ ಮೋಟಾರು ಬಹುಶಃ 415ಕ್ಕೆ ಸ್ಟಾರ್‌ನಲ್ಲಿ ಕಟ್ಟಿದ್ದು. ಟರ್ಮಿನಲ್ ಬಾಕ್ಸ್ ತೆಗೆದು ನೋಡಿ. ಆರು ವೈರ್ ಹೊರಗೆ ಬಂದಿದ್ದರೆ ಜೋಡಣೆ ಬದಲಿಸಿ 230ಕ್ಕೆ ಹೊಂದುವ ಡೆಲ್ಟಾ ಮಾಡಿಕೊಳ್ಳಬಹುದು. ಮೂರೇ ಇದ್ದರೆ ವೈಂಡಿಂಗ್‌ನವರಿಗೆ ಕೊಟ್ಟು ಒಳಗಿನ ಜಾಯಿಂಟ್ ಹೊರಗೆ ತೆಗೆಸಬೇಕು. ಸಂಜೆ ವೋಲ್ಟೇಜ್ ಬಿದ್ದಾಗ ವಿಎಫ್‌ಡಿ ಟ್ರಿಪ್ ಆಗುತ್ತದೆ, ಹಗಲು ಕೆಲಸ ಮಾಡಿಕೊಳ್ಳಿ.

ತೀರ್ಥಹಳ್ಳಿ ಫಿಟ್ಟರ್:
ಅವಸರ ಇಲ್ಲದಿದ್ದರೆ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇಥ್ ಹುಡುಕಿ ಅನ್ನುತ್ತೇನೆ. 1941ರಲ್ಲಿ ಶುರುವಾದ ಕಾರ್ಖಾನೆ, ಈಗಿಲ್ಲ. ಆ ಕಾಲದ ಬೀಡು ಕಬ್ಬಿಣ ಬೇರೆಯೇ. ತೂಕವೂ ಜಾಸ್ತಿ ಬಿಡಿ, ನಿಮ್ಮ ಶೆಡ್ಡಿನ ನೆಲ ಕಾಂಕ್ರೀಟಾ?

ಯಾವುದೇ ತಂದರೂ ಮಳೆಗಾಲದ ಯೋಚನೆ ಈಗಲೇ ಮಾಡಿ. ಪ್ಲಾಸ್ಟಿಕ್ ಮುಚ್ಚಬೇಡಿ, ಒಳಗೆ ಬೆವರಿ ಬೆಡ್ ಪೂರ್ತಿ ಕೆಂಪಾಗುತ್ತದೆ. ಎಣ್ಣೆ ಹಚ್ಚಿ ಕಾಟನ್ ಬಟ್ಟೆ ಹೊದಿಸಿ, ಅಡಿಯಲ್ಲಿ ಹಳೇ ನಮೂನೆಯ ಬಲ್ಬ್ ಉರಿಯಲಿ. ಮೈಲುತುತ್ತ, ಪೊಟ್ಯಾಷ್ ಚೀಲ ಆ ಶೆಡ್ಡಿನಲ್ಲಿ ಇಡಲೇಬೇಡಿ. ಮೈಲುತುತ್ತದ ಬೋರ್ಡೋ ಔಷಧಿ ಕಲಸಿದ ಕೈಯಲ್ಲಿ ಬೆಡ್ ಮುಟ್ಟಿದರೂ ಕಲೆ ಬೀಳುತ್ತದೆ.

ರಿಪ್ಪನ್‌ಪೇಟೆಯವ:
ಎಲ್ಲರಿಗೂ ಥ್ಯಾಂಕ್ಸ್. ಹೋಗಿ ನೋಡಿದೆ. ಕ್ಯಾರೇಜು ಅರ್ಧ ದಾರಿಯಲ್ಲಿ ಬಿಗಿಯಾಯಿತು. ಸ್ಪಿಂಡಲ್ ಚೆನ್ನಾಗಿದೆ. ಮೋಟಾರಿಗೆ ಆರು ವೈರ್ ಇದೆ. ಥ್ರೆಡ್ ಹಾಕಲು ಬದಲಾಯಿಸುವ ಚೇಂಜ್ ಗೇರಿನಲ್ಲಿ ಎರಡು ಇಲ್ಲ. 45,000ಕ್ಕೆ ಇಳಿದಿದ್ದಾರೆ. ಬಿಡಲಾ, ಹಿಡಿಯಲಾ?

ಚಕ್ ಕೀ:
ನಿಮ್ಮದು ಎರಡು ಮೂರು ಇಂಚಿನ ಬುಶ್ಶು ಅಲ್ವಾ, ಅಷ್ಟು ಉದ್ದದಲ್ಲಿ ಈ ಸವಕಳಿ ಅಷ್ಟಾಗಿ ಗೊತ್ತಾಗುವುದಿಲ್ಲ. ಉದ್ದ ಶಾಫ್ಟಿಗೆ ಮಾತ್ರ ಕಷ್ಟ, ಬೇರಿಂಗ್ ಕೂರುವ ಜಾಗಕ್ಕೆ ಮತ್ತೆ ಮತ್ತೆ ಅಳೆದು ಉಜ್ಜಬೇಕು. ಇರುವ ಗೇರುಗಳ ಹಲ್ಲು ಎಣಿಸಿ ಬರೆದುಕೊಳ್ಳಿ, ಕಾಣೆಯಾದ ಎರಡರ ಹೆಸರಲ್ಲಿ ಇನ್ನೊಂದು ಐದು ಸಾವಿರ ಇಳಿಸಿ. ನಾಲ್ಕು ದವಡೆಯ ಚಕ್ ಇದ್ದರೆ ಅದನ್ನೂ ಸೇರಿಸಿ ಕೊಡಿ ಅನ್ನಿ, ದುಡ್ಡು ಕೈಗಿಡುವ ಮುಂಚೆ.